ದ್ವೀಪದ ದೀಪ ಮತ್ತು ಭದ್ರಾವತಿಯ ಮೇಸ್ತ್ರಿ

ಮೊನ್ನೆ ಮಿಕ್ಸಿ ರಿಪೇರಿಗೆಂದು ಅಂಗಡಿಗೆ ಹೋಗಿದ್ದೆ. ಬೆಸುಗೆ ಹಾಕುವ ಕಾದ ಕಡ್ಡಿ ರಾಳಕ್ಕೆ ತಾಗಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಮೇಸ್ತ್ರಿ ನೆನಪಾದರು. ಇಷ್ಟು ವರ್ಷವಾದ ಮೇಲೂ ಬೆನ್ನು ಬಿಡುವುದಿಲ್ಲವಲ್ಲ ಎಂದು ಸಿಟ್ಟು ಬಂತು... ಸಿಟ್ಟು ಅವರ ಮೇಲಲ್ಲ.

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ಗೋಪಾಳದಲ್ಲಿ ಸೋಲಾರ್ ದೀಪ ಜೋಡಿಸುವ ಸಣ್ಣ ಶೆಡ್ಡೊಂದರಲ್ಲಿ ನಾನು ಇಂಜಿನಿಯರ್. ಹಾಗಂತ ಮೇಜಿನ ಮೇಲೆ ಬೋರ್ಡು ಇತ್ತು, ಆದರೆ ಕೆಲಸ ನಿಜಕ್ಕೂ ಬಲ್ಲವರು ಮೇಸ್ತ್ರಿಯೇ. ಕಾರ್ಖಾನೆಯಿಂದ ನಿವೃತ್ತರಾದವರು, ಮನೆಮಾತು ತಮಿಳು, ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹಾಕಿದ ಪ್ರತಿ ಬೆಸುಗೆಯನ್ನೂ ಉಗುರಿನಿಂದ ಎಳೆದು ನೋಡಿಯೇ ಮುಂದಿನದಕ್ಕೆ ಕೈ ಹಾಕುತ್ತಿದ್ದರು.

ಒಮ್ಮೆ ನಮಗೆ ಕಡಲ ನಡುವಿನ ಪುಟ್ಟ ದ್ವೀಪದ ದೀಪಸ್ತಂಭದ ಕೆಲಸ ಸಿಕ್ಕಿತು. ಅಲ್ಲಿ ಮನುಷ್ಯರಿಲ್ಲ. ಅದುವರೆಗೆ ದೋಣಿಯಲ್ಲಿ ಗ್ಯಾಸ್ ಸಿಲಿಂಡರ್ ಸಾಗಿಸಿ ದೀಪ ಉರಿಸುತ್ತಿದ್ದರಂತೆ. ಇನ್ನು ಮುಂದೆ ನಮ್ಮ ಒಂದು ಪ್ಯಾನಲ್ಲು ಹಗಲು ಬ್ಯಾಟರಿ ತುಂಬಬೇಕು, ರಾತ್ರಿಯಿಡೀ ದೀಪ ಮಿನುಗಬೇಕು.

"ನಾನು ಸಮುದ್ರಾನೇ ನೋಡಿಲ್ಲ ಸಾರ್. ನನ್ನ ಕೈಕೆಲಸ ಅಲ್ಲಿ ಹೋಗಿ ಕೂರ್ತದೆ," ಎಂದು ಮೇಸ್ತ್ರಿ ಮಕ್ಕಳಂತೆ ನಕ್ಕಿದ್ದರು.

ಪರೀಕ್ಷೆಯೆಲ್ಲ ಮುಗಿದು, ಲಾರಿಗೆ ಏರಿಸುವ ದಿನ ಪೂಜೆ ಮಾಡಿದೆವು. ನಾನು ಅಂಗೈಯಗಲದ ಗಣಪತಿ ಸ್ಟಿಕ್ಕರ್ ತಂದು ಪ್ಯಾನಲ್ಲಿನ ಗಾಜಿನ ಮೂಲೆಗೇ ಅಂಟಿಸಿದೆ.

"ಗಾಜಿನ ಮೇಲೆ ಬೇಡ ಸಾರ್. ಬಿಸಿಲು ಹಿಡಿಯೋ ಒಂದು ಬಿಲ್ಲೆಗೆ ನೆರಳು ಬಿದ್ರೂ ಇಡೀ ಪ್ಯಾನಲ್ಲೇ ಸೋತೋಗ್ತದೆ. ಚೌಕಟ್ಟಿಗೆ ಹಚ್ಚಿ," ಎಂದರು ಮೇಸ್ತ್ರಿ.

ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಮಾಲೀಕರ ಎದುರು ಮೇಸ್ತ್ರಿಯಿಂದ ಹೇಳಿಸಿಕೊಳ್ಳುವುದೇ? "ದೇವ್ರು ಯಾರಿಗಾದ್ರೂ ನೆರಳು ಮಾಡ್ತಾನಾ ಮಾರಾಯ್ರೆ?" ಎಂದೆ. ಎಲ್ಲರೂ ನಕ್ಕರು.

"ಸರಿ, ಅಲ್ಲಿ ಮೇಲೇರ್ಸೋ ಮುಂಚೆ ಕಿತ್ತಾಕೋಕೆ ಹೇಳ್ಬಿಡಿ," ಎಂದರು. ಹೇಳ್ತೀನಿ ಎಂದೆ. ಹೇಳಲು ಮರೆತೆ.

ತಿಂಗಳೊಳಗೆ ದೂರು ಬಂತು. ದೀಪ ಅರ್ಧರಾತ್ರಿಗೇ ಆರುತ್ತಿದೆ, ಮೀನುಗಾರರ ದೋಣಿಯೊಂದು ಬಂಡೆಗೆ ಬಡಿದು ಸೀಳಿದೆ. ಜನ ಈಜಿ ಬದುಕಿಕೊಂಡಿದ್ದರು. ನಾನೇ ಹೋದೆ. ದೋಣಿಯವನು ಕೆಳಗೇ ನಿಂತ, ನಾನೊಬ್ಬನೇ ಮೇಲೆ ಹತ್ತಿದೆ. ಗಾಜಿನ ಮೂಲೆಯಲ್ಲಿ ಗಣಪತಿ ಹಾಗೇ ಕೂತಿದ್ದ. ಉಗುರಿನಿಂದ ಕೆರೆದು ತೆಗೆದೆ. ಮೀಟರಿನ ಮುಳ್ಳು ಸರ್ರನೆ ಮೇಲೇರಿತು. ಸ್ಟಿಕ್ಕರನ್ನು ಮುದುರಿ ಕಡಲಿಗೆ ಎಸೆದೆ, ಚೌತಿಯಿಲ್ಲದೆ ವಿಸರ್ಜನೆ. ವರದಿಯಲ್ಲಿ "ಬ್ಯಾಟರಿಯ ಬೆಸುಗೆ ಬಿಟ್ಟಿತ್ತು, ಸರಿಪಡಿಸಲಾಗಿದೆ" ಎಂದು ಬರೆದೆ. ಒಂದಕ್ಷರವನ್ನೂ ಹೊಡೆದುಹಾಕದೆ ಬರೆದು ಸಹಿ ಹಾಕಿದೆ, ಅದೇ ಈಗ ಹೇಸಿಗೆ ಹುಟ್ಟಿಸುತ್ತದೆ.

ವಾಪಸು ಬಂದಾಗ, ವರದಿಯ ವಿಷಯ ತಿಳಿದ ಮೇಸ್ತ್ರಿ ಒಂದೇ ಮಾತು ಕೇಳಿದರು. "ಸ್ಟಿಕ್ಕರ್ ಕಿತ್ತಿದ್ರಾ ಸಾರ್?"

"ಮೇಲೇರ್ಸೋ ಮುಂಚೇನೇ ಕಿತ್ತಿದ್ರು," ಎಂದೆ.

ನನ್ನ ಮಾತನ್ನು ಅವರು ಅನುಮಾನಿಸಲೇ ಇಲ್ಲ. "ಹಂಗಾದ್ರೆ ನನ್ನ ಬೆಸುಗೇನೇ ಬಿಟ್ಟಿರ್ಬೇಕು..." ಎಂದು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಯಾರೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಮರುವಾರದಿಂದ ಅವರೇ ಬರಲಿಲ್ಲ.

ಮೊನ್ನೆ ಆ ರಿಪೇರಿ ಅಂಗಡಿಯಿಂದ ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಭದ್ರಾವತಿ ಬಸ್ಸು ಹತ್ತಿದೆ. ಈ ಸಲ ಹೇಳಿಯೇ ಬಿಡುವುದು ಎಂದು. ಬಾಗಿಲು ತೆರೆದದ್ದು ಅವರ ಮಗಳು, ಗೋಪಾಳದ ಶೆಡ್ಡಿನ ಇಂಜಿನಿಯರ್ ಎಂದಾಗ ಗುರುತು ಹಿಡಿದಳು. ಮೇಸ್ತ್ರಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ನಿಜ ಕೇಳಬೇಕಾಗಿದ್ದ ಮನುಷ್ಯ ಸುಳ್ಳನ್ನೇ ನಂಬಿ ಹೋಗಿಬಿಟ್ಟಿದ್ದರು.

"ಆ ಕೆಲಸ ಬಿಟ್ಮೇಲೆ ಅಪ್ಪ ಬೆಸುಗೆ ಕಡ್ಡಿ ಮುಟ್ಲೇ ಇಲ್ಲ ಸಾರ್. ಮನೆ ರೇಡಿಯೋ ಕೆಟ್ರೂ ಅಂಗಡಿಗೇ ಕೊಡೋರು. ನನ್ನ ಕೈ ನಂಬಿ ಆ ದೋಣಿಯವ್ರು ಸಾಯ್ತಿದ್ರು ಅನ್ನೋರು," ಎಂದಳು. ಮತ್ತೆ, "ಹೋಗಿ ನೋಡಿದ್ದು ನೀವೇ ಅಲ್ವಾ? ನಿಜವಾಗ್ಲೂ ಅಪ್ಪಂದೇ ತಪ್ಪಾ?" ಎಂದು ಕೇಳಿದಳು.

ಬಾಯಿ ತೆರೆದೆ... "ಹಳೇದೆಲ್ಲ ಯಾಕಮ್ಮ ಈಗ, ಬಿಡು," ಎಂದೆ.

ಅವಳ ಕಣ್ಣು ತುಂಬಿತು. "ನೀವು ಅಪ್ಪನ್ನ ಕ್ಷಮಿಸಿದ್ದೀರಲ್ಲ ಸಾರ್, ಅಷ್ಟು ಸಾಕು," ಎಂದು ಕೈಮುಗಿದಳು. ನಾಚಿಕೆಗೆಟ್ಟವನು, ಅದನ್ನೂ ಸ್ವೀಕರಿಸಿ ಬಂದೆ.