ಚಪ್ಪಲಿ ಬಿಟ್ಟು ಬಂದ ಕೊಲೆಗಾರ

ಸೇಡಂನ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುವವಳು. ಸಿನಿಮಾ ತಯಾರಿಕೆ ಎಂಬ ಹೊಸ ವಿಷಯವೊಂದು ಪಠ್ಯಕ್ರಮದಲ್ಲಿ ಬಂದು ಕೂತಾಗ, ಅದನ್ನು ಯಾರ ಕೊರಳಿಗೆ ಕಟ್ಟಬೇಕೆಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನ ತುಂಬ ಕಣ್ಣಾಡಿಸಿದರು. "ಮೇಡಂ, ನೀವು ವಾಡಿಯಿಂದ ಬರೋವಾಗ ಟ್ರೇನ್‌ನಾಗ ಮೊಬೈಲ್ ಹಿಡ್ಕೊಂಡು ಸಿನಿಮಾ ನೋಡ್ಕೋತ ಬರ್ತೀರಿ ಅಂತಾರಲ್ಲ, ನೀವೇ ತೊಗೊಳ್ರಿ" ಎಂದರು. ನನ್ನ ಅರ್ಹತೆ ಅಷ್ಟೇ. ಯಾರು ಚಾಡಿ ಹೇಳಿದರೆಂದು ಇವತ್ತಿಗೂ ಹುಡುಕುತ್ತಿದ್ದೇನೆ.

ಕೊನೆಯ ವರ್ಷದವರು ಒಂದು ಥ್ರಿಲ್ಲರ್ ಚಿತ್ರದ ಆರಂಭದ ದೃಶ್ಯವನ್ನು ಮೊಬೈಲಿನಲ್ಲೇ ತೆಗೆದು ತರಬೇಕಿತ್ತು. ಪೂರ್ತಿ ಚಿತ್ರ ಬೇಡ, ಮೊದಲ ಎರಡು ನಿಮಿಷ ಸಾಕು, ನೋಡುವವರ ಎದೆ ಝಲ್ಲೆನ್ನಬೇಕು. ನಾನು ಒಮ್ಮೆ ನೋಡಿ ತಿದ್ದಲು ಹೇಳುವುದು, ಆಮೇಲೆ ಕಲಬುರಗಿಯಿಂದ ಪರೀಕ್ಷಕರು ಬಂದು ಅಂಕ ಕೊಡುವುದು ಎಂದು ಏರ್ಪಾಡಾಗಿತ್ತು.

ತಿದ್ದುವುದಕ್ಕೆಂದು ನಾನು ನೋಡಿದ್ದನ್ನು ಏನು ಹೇಳಲಿ! ವಾಡಿಯ ಹುಡುಗರು ರೈಲು ನಿಲ್ದಾಣದ ಮೇಲ್ಸೇತುವೆ ಹತ್ತಿದ್ದರು. ನಾಯಕಿ ಉಸಿರು ಬಿಗಿಹಿಡಿದಾಗಲೆಲ್ಲ ಗಾಡಿ ತಡವಾಗಿದ್ದಕ್ಕೆ ಕ್ಷಮೆ ಕೇಳುವ ಧ್ವನಿಯೊಂದು ಒಂದಾದ ಮೇಲೊಂದು ಭಾಷೆಯಲ್ಲಿ ಕೇಳಿಸುತ್ತಿತ್ತು. ಚಿಂಚೋಳಿಯವರು ತಮ್ಮಲ್ಲಿ ಕಾಡಿದೆ ಎಂಬ ಗತ್ತಿನಲ್ಲಿ ಅದರೊಳಗೆ ಖಳನಾಯಕನನ್ನು ಓಡಿಸಿದರು. ಅವನ ಹಿಂದೆ ಒಂದು ಹಿಂಡು ಮೇಕೆಗಳೂ ಓಡಿದವು. ಕೋಡ್ಲಾ ಕಡೆಯವರು ಮಾತ್ರ ಜಾಣರು. ಅವರಿಗೆ ಮಂಜು ಬೇಕಿತ್ತು, ಲಾರಿ ದಾಟಿದ ಕೂಡಲೇ ಕ್ಯಾಮೆರಾ ಶುರು ಮಾಡಿ, ರಸ್ತೆಯ ಧೂಳು ಕೂರುವ ತನಕ ಮಂಜಿನ ದೃಶ್ಯ ತೆಗೆದಿದ್ದರು. ನನಗೆ ಅದು ನಿಜಕ್ಕೂ ಹಿಡಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಹೊಗಳಿದರೆ ತಲೆಯ ಮೇಲೆ ಕೂರುತ್ತಾರೆ.

ದಂಡೋತಿಯ ಹುಡುಗಿಯದು ಬೇರೆಯೇ ಕಥೆ. ಅವಳಿಗೆ ಹೈದರಾಬಾದಿಗೆ ಹೋಗಿ ಸಿನಿಮಾ ಸಂಕಲನ ಕಲಿಯುವ ಹುಚ್ಚು. ಅವಳ ಅಪ್ಪ ಬಸ್ ಕಂಡಕ್ಟರ್. ಮಗಳು ಬಿ.ಎಡ್. ಮಾಡಿ ಟೀಚರ್ ಆಗಲಿ ಎಂದು ಅವರ ಹಟ. ಮನೆಯಲ್ಲಿ ವಾದ ಮಾಡಿ ಮಾಡಿ ಇಬ್ಬರೂ ದಣಿದ ಮೇಲೆ ಅಪ್ಪ ಒಂದು ಷರತ್ತು ಹಾಕಿದ್ದರಂತೆ: "ಪರೀಕ್ಷಾ ದಿನ ನಾನೂ ಬಂದು ಕುಂತು ನೋಡ್ತೀನಿ. ನನಗ ಅಂಜಿಕಿ ಬಂತಂದ್ರ ನೀ ಹೈದರಾಬಾದಿಗಿ ಹೋಗು. ಬರಲಿಲ್ಲಂದ್ರ ಸುಮ್ಮ ಬಿ.ಎಡ್. ಹಚ್ಚು." ಕುಡಿದು ಟಿಕೆಟ್ ತೆಗೆಸದೆ ಜಗಳಕ್ಕೆ ಬರುವವರನ್ನು ದಿನಾ ಇಳಿಸಿ ಕಳಿಸುವ ಮನುಷ್ಯ, ಮಗಳ ಮೊಬೈಲ್ ಸಿನಿಮಾ ನೋಡಿ ಹೆದರುತ್ತಾರೆಯೇ? ಷರತ್ತಿನ ಸುದ್ದಿ ಕೇಳಿ ನನಗೆ ಸಿಟ್ಟು ಬಂತು. ಇದು 'ಹೋಗಬೇಡ' ಎನ್ನುವುದಕ್ಕೆ ಹುಡುಕಿದ ನಯವಾದ ದಾರಿ ಅನ್ನಿಸಿತು.

ಅವಳ ದೃಶ್ಯ ನೋಡಲು ಕೂತೆ. ಸುಡು ಮಧ್ಯಾಹ್ನ, ಖಾಲಿ ಓಣಿ, ಮುದುಕಿಯೊಬ್ಬಳೇ ಇರುವ ಮನೆ. ಮುದುಕಿಯಾಗಿ ಹುಡುಗಿಯ ಸ್ವಂತ ಅಜ್ಜಿ, ಅವಳಪ್ಪನ ತಾಯಿ; ಮನೆಯೂ ಅವರದೇ. ಕೊಲೆಗಾರ ಅವಳ ಸಹಪಾಠಿ, ಶಹಾಬಾದಿನ ಎತ್ತರದ ಹುಡುಗ. ಮುಖಕ್ಕೆ ಟವೆಲ್ ಸುತ್ತಿದ್ದಾನೆ, ಕೈಯಲ್ಲಿ ಕುಡುಗೋಲು. ಹಿನ್ನೆಲೆ ಸಂಗೀತ ಕಿವಿ ಹರಿಯುವಂತಿದೆ. ಕೊಲೆಗಾರ ಬಾಗಿಲು ತಳ್ಳಿದ. ಚಪ್ಪಲಿ ಬಿಟ್ಟ. ಬಿಟ್ಟದ್ದಷ್ಟೇ ಅಲ್ಲ, ಕಾಲಿನಿಂದ ಸರಿಸಿ ಜೋಡಿಯಾಗಿ ಇಟ್ಟು ಒಳಗೆ ಹೋದ.

ನಾನು ಬಿದ್ದು ಬಿದ್ದು ನಕ್ಕೆ. ಸುತ್ತ ನಿಂತ ಹುಡುಗರು ಮುಖ ಮುಖ ನೋಡಿಕೊಂಡರು. ಯಾರಿಗೂ ನಗು ಬಂದಿರಲಿಲ್ಲ.

"ಕೊಲಿ ಮಾಡಾಕ ಬಂದಂವ ಚಪ್ಪಲ್ ಬಿಡ್ತಾನೇನೋ?" ಎಂದು ಕೇಳಿದೆ.

"ಮತ್ತ ಒಳಗ ಹ್ಯಾಂಗ ಹೋಗ್ತಾನ್ರಿ ಮೇಡಂ?" ಕೊಲೆಗಾರನೇ ಕೇಳಿದ. "ಎದುರಿಗೇ ದೇವರ ಜಗಲಿ ಅದರಿ."

ಅಷ್ಟು ಜನ ಸೇರಿ ತೆಗೆದು, ಕತ್ತರಿಸಿ, ಅಂಟಿಸಿ, ಹಲವು ಸಲ ನೋಡಿದ್ದರು. ಒಬ್ಬರ ಕಣ್ಣಿಗೂ ಅದು ತಪ್ಪಾಗಿ ಕಂಡಿರಲಿಲ್ಲ. ನಗುತ್ತಾ ಹುಡುಗಿಯ ಕಡೆ ನೋಡಿದರೆ ಅವಳ ಕಣ್ಣು ತುಂಬಿತ್ತು. ಅಪ್ಪನೂ ಹೀಗೇ ನಗುತ್ತಾರೆ ಎಂದು ಅವಳಿಗೆ ಆಗಲೇ ಅನ್ನಿಸಿರಬೇಕು. ನನ್ನ ನಗು ಅಲ್ಲಿಗೇ ನಿಂತಿತು.

ಮತ್ತೊಮ್ಮೆ ತೆಗೆದುಕೊಂಡು ಬಾ ಎಂದು ಕಳಿಸಿದೆ. ಮಾರನೆಯ ವಾರ ಮುಖ ಊದಿಸಿಕೊಂಡು ಬಂದು ಮೊಬೈಲ್ ಮುಂದೆ ಹಿಡಿದಳು. ಕೊಲೆಗಾರ ಈ ಸಲ ಚಪ್ಪಲಿ ಹಾಕಿಕೊಂಡೇ ಹೊಸ್ತಿಲು ದಾಟಿದ್ದ. ಹೆದರಿ ಹಿಂದೆ ಸರಿಯಬೇಕಾದ ಅಜ್ಜಿ ಎದ್ದು ನಿಂತು, "ಏ ಮೂಳಾ, ಈಗರೆ ಫರಸಿ ಒರಸೀನಿ, ಕಣ್ಣು ಕಾಣಂಗಿಲ್ಲೇನು? ಚಪ್ಪಲ್ ಹೊರಗ ಬಿಡು!" ಎಂದು ಗದರಿದರು. ಕೊಲೆಗಾರ ಕುಡುಗೋಲು ಹಿಡಿದ ಕೈಯನ್ನೇ ಜೋಡಿಸಿ "ತಪ್ಪಾಯ್ತರಿ ಆಯಿ" ಎಂದು ಹಿಂದೆ ಹಿಂದೆ ನಡೆದು ಹೊರಗೆ ಹೋದ.

"ಎಷ್ಟು ಸಲ ತೆಗೆದರೂ ಹಿಂಗೇ ಆಗಲಿಕತ್ತದರಿ. ಆಯಿ ಕೇಳೋದೇ ಇಲ್ಲ" ಎಂದಳು ಹುಡುಗಿ.

ಈ ಸಲ ನಗಲಿಲ್ಲ, ತುಟಿ ಕಚ್ಚಿ ಹಿಡಿದೆ. "ಹಳೇದನ್ನೇ ಕೊಡು, ಪಾಸಾಗುವಷ್ಟು ಅಂಕ ಬಂದೇ ಬರ್ತಾವ" ಎಂದೆ.

"ಅಂಕಕ್ಕ ಯಾರು ಅಳಲಿಕತ್ತಾರ್ರಿ ಮೇಡಂ" ಎಂದು ಮೊಬೈಲ್ ಕಸಿದುಕೊಂಡು ಹೋದಳು.

ಪರೀಕ್ಷೆಯ ದಿನ ಅವಳ ಅಪ್ಪ ಖಾಕಿ ಬಟ್ಟೆಯಲ್ಲೇ ಬಂದಿದ್ದರು. ಇದು ಮುಗಿದ ಕೂಡಲೇ ಡ್ಯೂಟಿಗೆ ಹೋಗಬೇಕಂತೆ. "ಕುಂದ್ರಿ" ಎಂದು ಮುಂದಿನ ಕುರ್ಚಿ ತೋರಿಸಿದರೂ ಹಿಂದಿನ ಸಾಲಿಗೇ ಹೋದರು. ಪರೀಕ್ಷಕರು ದೊಡ್ಡ ಮನುಷ್ಯರು, ಪ್ರತಿಯೊಂದಕ್ಕೂ ಕಣ್ಣು ಕಿರಿದು ಮಾಡಿ "ಲೈಟಿಂಗ್" ಎನ್ನುತ್ತಿದ್ದರು. ಮೇಕೆ ಓಡಿದಾಗ ಕಂಡಕ್ಟರ್ ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಹುಡುಗಿ ಬೆರಳ ಉಗುರು ಕಡಿಯುತ್ತಾ ಗೋಡೆಗೆ ಒರಗಿ ನಿಂತಿದ್ದಳು.

ಅವಳದು ಶುರುವಾಯಿತು. ಅದೇ ಓಣಿ, ಅದೇ ಬಿಸಿಲು. ಆದರೆ ಸಂಗೀತವನ್ನು ಪೂರ್ತಿ ತೆಗೆದುಹಾಕಿದ್ದಳು. ಟವೆಲ್ ಸುತ್ತಿದ ಮುಖ ಒಮ್ಮೆಯೂ ಕಾಣಲಿಲ್ಲ, ಕುಡುಗೋಲೂ ಇಲ್ಲ. ಎರಡು ಕಾಲು ಬಂದು ಬಾಗಿಲ ಮುಂದೆ ನಿಂತವು, ಚಪ್ಪಲಿ ಬಿಟ್ಟವು, ಅಜ್ಜಿಯ ಚಪ್ಪಲಿಯ ಪಕ್ಕಕ್ಕೆ ಸರಿಸಿ ಇಟ್ಟು ಒಳಗೆ ಹೋದವು. ಕ್ಯಾಮೆರಾ ಒಳಗೆ ಹೋಗಲೇ ಇಲ್ಲ. ಎರಡು ಜೊತೆ ಚಪ್ಪಲಿಗಳನ್ನು ನೋಡುತ್ತಾ ಹೊಸ್ತಿಲ ಹೊರಗೇ ನಿಂತಿತು. ಒಳಗಿನಿಂದ ಅಜ್ಜಿಯ ದನಿ ಕೇಳಿತು: "ಬಾರಪ್ಪಾ, ಬಿಸಿಲಾಗ ಬಂದಿ. ಕುಂದ್ರು, ನೀರು ಕೊಡ್ತೀನಿ." ಕೊಡದಿಂದ ತಂಬಿಗೆಗೆ ನೀರು ತುಂಬುವ ಸದ್ದು. ಆಮೇಲೆ ಏನೂ ಇಲ್ಲ. ಏನೂ ಇಲ್ಲದಿರುವುದು ಬಹಳ ಹೊತ್ತು ನಡೆಯಿತು. ತಂಬಿಗೆ ಬಿದ್ದ ಸದ್ದಾಯಿತು. ಫರಸಿ ಕಲ್ಲಿನ ನೆಲದ ಮೇಲೆ ನೀರು ಹರಿದು ಹೊಸ್ತಿಲಿನಿಂದ ಇಳಿದು ಎರಡು ಜೊತೆ ಚಪ್ಪಲಿಗಳನ್ನೂ ತೋಯಿಸಿತು. ಪರದೆ ಕಪ್ಪಾಯಿತು.

ಬಂದವನು ಅಪರಿಚಿತನಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಪರೀಕ್ಷಕರು ಗಂಟಲು ಸರಿಮಾಡಿಕೊಂಡು ಲೈಟಿಂಗ್ ಬಗ್ಗೆ ಏನೋ ಅಂದರು, ಯಾರೂ ಕೇಳಿಸಿಕೊಳ್ಳಲಿಲ್ಲ.

ಹಿಂತಿರುಗಿ ನೋಡಿದರೆ ಕೊನೆಯ ಸಾಲಿನ ಕುರ್ಚಿ ಖಾಲಿ. ಹುಡುಗಿಯ ಮುಖ ಬಿಳಿಚಿಕೊಂಡಿತು. ಬೇಸರಗೊಂಡು ಡ್ಯೂಟಿಗೆ ಹೊರಟೇಬಿಟ್ಟರು ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಇಬ್ಬರೂ ಹೊರಗೆ ಓಡಿದೆವು.

ಅವರು ವರಾಂಡದ ಕೊನೆಯಲ್ಲಿ ನಮಗೆ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದರು.

"ಅವ್ವಾ, ಒಬ್ಬಕಿನೇ ಇದ್ದೀಯೇನು? ಬಾಗಿಲಾ ಹಾಕ್ಕೊ. ಹಾಕಿದೇನು? ಚಿಲಕಾ ಹಾಕು ಅಂದ್ರ ಹಾಕು. ಯಾರು ಬಂದ್ರೂ ತೆಗೀಬ್ಯಾಡ. ಗುರುತಿನವರು ಬಂದ್ರೂ ತೆಗೀಬ್ಯಾಡ. ನಾ ಬರೋತನಕ ಯಾರಿಗೂ ನೀರು ಕೊಡಬ್ಯಾಡ!"

ತಿರುಗಿ ನಮ್ಮನ್ನು ಕಂಡವರೇ ಫೋನ್ ಜೇಬಿಗೆ ತುರುಕಿದರು. "ಒಳಗ ನೆಟ್‌ವರ್ಕ್ ಇರಲಿಲ್ರಿ ಮೇಡಂ" ಎಂದರು. ಹಣೆಯ ಮೇಲೆ ಬೆವರಿತ್ತು.

"ಅಪ್ಪಾ, ಅಂಜಿಕಿ ಬಂತೇನು?" ಹುಡುಗಿ ಮೆಲ್ಲಗೆ ಕೇಳಿದಳು.

"ಅಂಜಿಕಿ ಎಲ್ಲಿಂದು ತಗಿ" ಎಂದು ಅವರು ಬೇರೆ ಕಡೆ ನೋಡಿದರು. ಹಣೆಯ ಬೆವರು ಒರೆಸಿಕೊಂಡು, ಮಗಳ ಕಡೆ ನೋಡದೆಯೇ ಕೇಳಿದರು: "ಹೈದರಾಬಾದಿನಾಗ ನೀ ಇರೋ ಖೋಲಿಗಿ ಒಳಗಿಂದ ಚಿಲಕಾ ಇರ್ತದೇನು?"