ವಿಲ್ಸನ್ ಆರಿಸಿದ ಸ್ಪ್ರಿಂಗ್

ನಲವತ್ತು ಸಾವಿರದ ವ್ಯಾಪಾರ. ದುಬೈಯಿಂದ ರಜೆಯಲ್ಲಿ ಬಂದಿದ್ದ ವಿಲ್ಸನ್, ಫಳ್ನೀರಿನ ನನ್ನ ಕಾರು ಬಿಡಿಭಾಗಗಳ ಅಂಗಡಿಗೆ ಬಂದು ತನ್ನ ಸ್ಪೋರ್ಟ್ಸ್ ಕಾರಿನ ಚಕ್ರಗಳಿಗೆ ನಾಲ್ಕು ಸ್ಪ್ರಿಂಗ್ ಕೇಳಿದ. ಕಾರು ಚುರುಕಾಗಿ ತಿರುಗಬೇಕಂತೆ, ಹಿಂದಿನ ಚಕ್ರದವು ತೀರಾ ಗಟ್ಟಿ ಬೇಕಂತೆ.

“ಮುಂದಿನ ಚಕ್ರ ಎಳೆಯುವ ಕಾರು ಮಾರಾಯ. ಹಿಂದೆ ಇಷ್ಟು ಗಟ್ಟಿಯಾದರೆ ಮಳೆಗೆ ತಿರುವಿನಲ್ಲಿ ಹಿಂಭಾಗ ಜಾರ್ತದೆ. ಸ್ವಲ್ಪ ಸಾಫ್ಟ್ ಹಾಕು.”

“ದುಬೈಯಲ್ಲಿ ಇದೇ ಹಾಕಿದ್ದೆ ಅಂಕಲ್, ಎಂತದೂ ಆಗಲಿಲ್ಲ. ನಿಮ್ಮ ಸಾಫ್ಟ್ ಸ್ಟಾಕ್ ಖಾಲಿಯಾಗಲಿಲ್ಲ ಅಂತ ನನಗೆ ದಾಟಿಸುವುದಾ?”

“ಅಲ್ಲಿ ಮಳೆ ಎಲ್ಲಿ ಉಂಟು?” ಎಂದೆ. ಅವನು ನಕ್ಕು ದುಡ್ಡು ಕೊಟ್ಟ, ನಾನು ಗಟ್ಟಿಯದ್ದೇ ಕೊಟ್ಟೆ.

ಮೊದಲ ಮಳೆಗೆ ಕಾರು ತಿರುವಿನಲ್ಲಿ ಗಿರಕಿ ಹೊಡೆದು ಲಾರಿಗೆ ಬಡಿಯಿತು. ಜೀವ ಉಳಿಯಿತು, ಬಲಗಾಲು ಹೋಯಿತು. ಆಸ್ಪತ್ರೆಗೆ ಹೋದರೆ, “ಸಾಫ್ಟ್ ಇನ್ನೂ ಉಂಟಾ ಅಂಕಲ್?” ಎಂದ. ಉಂಟು ಎಂದೆ.

ಲಾಭ ಆರು ಸಾವಿರ. ಅವನಿಗೆ ಒಯ್ದ ಹಣ್ಣಿನ ಮುನ್ನೂರು ಕಳೆದರೆ ಐದು ಸಾವಿರದ ಏಳುನೂರು.