ಅತ್ತೆಯೂ ನಾನೂ ಮನೆ ಮಾರಿದ್ದು

ಬನಹಟ್ಟಿಯ ಆ ಮನೆಗೆ ನಾನು ಸೊಸೆಯಾಗಿ ಬಂದು ಮೂರು ತಿಂಗಳೂ ತುಂಬಿರಲಿಲ್ಲ, ಅದನ್ನು ಮಾರುವ ಮಾತು ಶುರುವಾಯಿತು. ಯಾವ ಬಾಗಿಲು ಯಾವ ಕೋಣೆಗೆ ಹೋಗುತ್ತದೆ ಎಂಬುದೇ ನನಗಿನ್ನೂ ಅಭ್ಯಾಸವಾಗಿರಲಿಲ್ಲ. ಅವಸರದಲ್ಲಿ ಓಡಾಡುವಾಗ ನಡುಮನೆಯ ಕಂಬಕ್ಕೆ ಹಣೆ ಬಡಿಸಿಕೊಳ್ಳುತ್ತಿದ್ದೆ. ಅಂಥ ಮನೆಯನ್ನು ಬಂದವರಿಗೆಲ್ಲ ತಿರುಗಿಸಿ ತೋರಿಸುವ ಕೆಲಸ ನನ್ನ ಪಾಲಿಗೇ ಬಂತು.

ಜಮಖಂಡಿ ಸಂಸ್ಥಾನ ಹೋಗಿ ನಾವು ಮುಂಬಯಿ ಸರಕಾರದ ಕೆಳಗೆ ಬಂದು ಕೆಲವು ವರ್ಷಗಳಾಗಿದ್ದವು. ಊರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕರೆಂಟಿನ ಮಗ್ಗ ಹಾಕಿದ್ದರು. ನಮ್ಮ ಪಡಸಾಲೆಯಲ್ಲಿ ಇದ್ದವು ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ಮಾವ, ಇನ್ನೊಂದರಲ್ಲಿ ನನ್ನ ಗಂಡ. ಮೈದುನ ಇನ್ನೂ ಸಾಲೆಗೆ ಹೋಗುವ ಹುಡುಗ. ಮಾವನಿಗೂ ನನ್ನ ಗಂಡನಿಗೂ ಕರೆಂಟಿನ ಮಗ್ಗದ ಹುಚ್ಚು ಹಿಡಿದಿತ್ತು. ಆದರೆ ನಮ್ಮ ಓಣಿಯ ಆ ಇಕ್ಕಟ್ಟಿನ ಮನೆಯಲ್ಲಿ ಅದನ್ನು ಇಡುವುದೆಲ್ಲಿ? ಊರ ಹೊರಗೆ ಒಂದು ಜಾಗ ನೋಡಿದ್ದರು. ಜಾಗದವನು ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಈ ಮನೆ ಮಾರಿದರೆ ಮಾತ್ರ ಆ ಜಾಗ ನಮ್ಮದು.

ದಲ್ಲಾಳಿ ಬಂದದ್ದು ಒಂದು ಸೋಮವಾರ. ಪಡಸಾಲೆಯಲ್ಲಿ ಕೂತು ಸುತ್ತಲೂ ಕಣ್ಣಾಡಿಸಿ, ಎದ್ದು ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ ಒಂದು ಬೆಲೆ ಹೇಳಿದ. ಮಾವನ ಮುಖ ಸಣ್ಣದಾಯಿತು.

"ಕುಣಿ ಇರೋ ಮನಿ ಯಾರ ತಗೋತಾರ್ರೀ? ಮೊದಲ ಇವನ್ನ ಮಣ್ಣ ಹಾಕಿ ಮುಚ್ಚರಿ. ಮುಂದಿಂದೆಲ್ಲ ನಾ ನೋಡ್ಕೋತೀನಿ," ಎಂದ. ಕೊಡುವವರಿಂದಲೂ ಕೊಳ್ಳುವವರಿಂದಲೂ ತನಗೆ ಸಲ್ಲಬೇಕಾದ್ದನ್ನು ಮೊದಲೇ ಹೇಳಿಬಿಟ್ಟ.

ಅತ್ತೆ ಒಳಗಿನಿಂದ ಚಹಾ ತಂದಿಟ್ಟರು. ಇಟ್ಟವರು ಒಳಗೆ ಹೋಗಲಿಲ್ಲ.

"ಚಾ ಕುಡೀರಿ ಅಣ್ಣಾರ. ಮನಿ ನಾವ ಮಾರ್ತೀವಿ."

"ನೀವಂದ್ರ ಯಾರ್ರಿ? ಅವರಿಬ್ರೂ ಮಗ್ಗ ಬಿಟ್ಟು ಏಳಂಗಿಲ್ಲ."

"ನಾನು, ನನ್ನ ಸೊಸಿ," ಎಂದರು ಅತ್ತೆ.

ಬಾಗಿಲ ಹಿಂದೆ ನಿಂತಿದ್ದ ನಾನು ಸೆರಗು ಸರಿಮಾಡಿಕೊಂಡು ಹೊಸ್ತಿಲಿಗೆ ಬಂದೆ. ಅತ್ತೆ ನನ್ನನ್ನು ಲೆಕ್ಕಕ್ಕೆ ಹಿಡಿದದ್ದು ಅದೇ ಮೊದಲು.

ದಲ್ಲಾಳಿ ಹೋದ ಮೇಲೆ ಮಾವ ಸಲಿಕೆ ಹುಡುಕತೊಡಗಿದರು. ಕುಣಿ ಮುಚ್ಚುವ ಮಾತು ಅವರ ಮನಸ್ಸಿಗೆ ಹತ್ತಿತ್ತು. ಅತ್ತೆ ಸಲಿಕೆಯನ್ನು ತಾವೇ ತೆಗೆದು ಗೋಡೆಯ ಎತ್ತರದ ಹಲಗೆ, ನಾಗೊಂದಿಯ ಮೇಲೆ ಹಾಕಿದರು.

"ಮುಚ್ಚಿದ್ರ ಬರೇ ಮನಿ. ಕುಣಿ ಇದ್ರ ನೇಕಾರನ ಮನಿ. ಈ ಊರಾಗ ನೇಕಾರರನ್ನ ಬಿಟ್ರ ಯಾರದಾರ?"

ಮರುದಿನದಿಂದ ನಮ್ಮ ಕೆಲಸ ಶುರು. ಮೊದಲು ಬೆಲೆ ಗೊತ್ತುಮಾಡಬೇಕಿತ್ತು. ಆ ವರ್ಷ ಊರಲ್ಲಿ ಮನೆ ಮಾರಿದವರು, ಕೊಂಡವರು ಯಾರೆಂದು ಅತ್ತೆಗೆ ಗೊತ್ತಿತ್ತು. ಶುಕ್ರವಾರ ಕುಂಕುಮಕ್ಕೆಂದು ಒಬ್ಬರ ಮನೆ, ಉಪ್ಪಿನಕಾಯಿ ಕೊಡಲೆಂದು ಇನ್ನೊಬ್ಬರ ಮನೆ, ಹೀಗೆ ಮೂರು ಮನೆಗೆ ನನ್ನನ್ನು ಕರೆದುಕೊಂಡು ಹೋದರು. ಎಲ್ಲಿಯೂ ಗಂಡಸರನ್ನು ಮಾತಾಡಿಸಲಿಲ್ಲ. ದಾರಿಯಲ್ಲಿ ನನಗೆ ಹೇಳಿದರು:

"ಗಂಡಸರು ಒಬ್ಬೊಬ್ಬರ ಮುಂದ ಒಂದೊಂದು ಬೆಲಿ ಹೇಳಿರ್ತಾರ. ಖರೆ ಬೆಲಿ ಹೇಂತಿಗೆ ಗೊತ್ತಿರ್ತೈತಿ ನೋಡವ್ವ."

ಖರೆ ಬೆಲೆ ಕೇಳಿದ ಮೇಲೆ ದಲ್ಲಾಳಿಯ ಬೆಲೆ ನೆನಸಿಕೊಂಡು ಇಬ್ಬರೂ ಬೀದಿಯಲ್ಲೇ ನಿಂತು ನಕ್ಕೆವು. ನನಗೆ ಆ ನಗುವಿನಲ್ಲೇ ಅರ್ಧ ಮನೆ ಮಾರಿದಷ್ಟು ಖುಷಿಯಾಯಿತು.

ಆಮೇಲೆ ಸುಣ್ಣ. ಗೋಡೆಗಳಿಗೆಲ್ಲ ನಾವಿಬ್ಬರೇ ಬಳಿದೆವು. ಬೆಳಕಿಂಡಿಯ ಜೇಡರ ಬಲೆ ತೆಗೆದಾಗ ಪಡಸಾಲೆಯಲ್ಲಿ ಬೆಳಕು ಎಷ್ಟು ಬಿತ್ತೆಂದರೆ, ಮಾವ ಮಗ್ಗದಿಂದ ತಲೆಯೆತ್ತಿ, "ಮೊದಲ ತೆಗೀಬೇಕಿತ್ತಲ್ಲ ಇದನ್ನ," ಎಂದರು. ನಾನು ಜಮಖಂಡಿಯವಳು, ಸಾಲೆ ಕಲಿತವಳು, ಮರಾಠಿಯೂ ಬರುತ್ತಿತ್ತು. ರಟ್ಟಿನ ಮೇಲೆ ಎರಡೂ ಭಾಷೆಯಲ್ಲಿ ಬರೆದೆ: "ಮನೆ ಮಾರುವುದಿದೆ. ಮನೆಯವರನ್ನೇ ಕಾಣಿರಿ." ಅತ್ತೆ ಓದಿಸಿ ಕೇಳಿ ಮುಖ ಸಿಂಡರಿಸಿದರು.

"ಮನೆ ಅಂದ್ರ ಯಾರದೋ ಮನಿ ಅನಸ್ತೈತಿ. ಮನಿ ಅಂತ ಬರಿ."

ಕನ್ನಡದ್ದನ್ನು ತಿದ್ದಿದೆ. ರಟ್ಟು ನೂಲಿನ ಅಂಗಡಿಯ ಮುಂದೆ ತೂಗಿತು.

ಮೊದಲ ದಿನವೇ ಜನ ಬಂದರು. ಮೊದಲು ಬಂದ ಗಂಡಹೆಂಡಿರನ್ನು ನಾನೇ ಕರೆದೊಯ್ದೆ. ಬಹಳ ಗತ್ತಿನಿಂದ, "ಇದು ದೇವರ ಕೋಣಿರಿ," ಎಂದು ಒಂದು ಬಾಗಿಲು ತೆಗೆದೆ. ಒಳಗೆ ಕಟ್ಟಿಗೆ, ಕುಳ್ಳು, ಅವುಗಳ ನಡುವೆ ಆಗಷ್ಟೇ ಮರಿ ಹಾಕಿದ ಬೆಕ್ಕು! ಬಂದ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು. ಅವರು ಮತ್ತೆ ಬರಲಿಲ್ಲ. ಆ ದಿನ ಮಧ್ಯಾಹ್ನ ಅತ್ತೆ ನನ್ನನ್ನು ಮನೆಯೆಲ್ಲ ತಿರುಗಿಸಿದರು. ಯಾವ ತೊಲೆ ಯಾವ ಮರದ್ದು, ಯಾವ ಮಾಡದಲ್ಲಿ ಬುಡ್ಡಿ ಇಟ್ಟರೆ ಎರಡು ಕೋಣೆಗೆ ಬೆಳಕಾಗುತ್ತದೆ, ಬಚ್ಚಲ ನೀರು ಎಲ್ಲಿ ಹೋಗುತ್ತದೆ, ಎಲ್ಲ ಹೇಳಿದರು. ಹೊಸ ಸೊಸೆಗೆ ಮನೆ ಪರಿಚಯ ಮಾಡಿಸುವ ಶಾಸ್ತ್ರ ತಡವಾಗಿ, ಅದನ್ನು ಬಿಟ್ಟುಹೋಗುವ ಹೊತ್ತಿಗೆ ನಡೆದಂತಾಯಿತು.

ಆ ವಾರ ಬಂದವರೆಲ್ಲ ಕೊಳ್ಳುವವರೇನಲ್ಲ. ವರ್ಷಗಟ್ಟಲೆ ನಮ್ಮ ಅಡಿಗೆಮನೆ ಹೇಗಿದೆಯೋ ಎಂದು ಕುತೂಹಲವಿದ್ದ ಓಣಿಯ ಹೆಂಗಸರು ಬಂದರು. ಹಿಂದಿನ ಓಣಿಯ ಮುದುಕರೊಬ್ಬರು ಮೂರು ದಿನ ಬಂದು, ಪಡಸಾಲೆಯ ತಂಪಿನಲ್ಲಿ ಕೂತು, ನೀರು ಕುಡಿದು, "ಛಲೋ ಐತಿ," ಎಂದು ಹೋದರು. ಆದರೂ ಯಾರಾದರೂ ಬಾಗಿಲ ಚಿಲಕ ಅಲುಗಿಸಿದರೆ ಸಾಕು, ನಾನು ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಓಡುತ್ತಿದ್ದೆ.

ನಾಲ್ಕೋ ಐದೋ ದಿನಕ್ಕೆ ರಬಕವಿಯಿಂದ ಒಂದು ಜೋಡಿ ಬಂತು. ಅಲ್ಲಿ ಬಾಡಿಗೆ ಮನೆಯಲ್ಲಿದ್ದು ನೇಯುವವರು. ಗಂಡ ಮಾತಿಲ್ಲದ ಮನುಷ್ಯ. ಪಡಸಾಲೆಗೆ ಬಂದವನೇ ನನ್ನ ಗಂಡನನ್ನು, "ಒಂಚೂರು ಏಳ್ತೀರೇನ್ರಿ?" ಎಂದು ಕೇಳಿ, ಅವರ ಕುಣಿಯಲ್ಲಿ ತಾನು ಇಳಿದು ಕೂತ. ಕಾಲಿನಿಂದ ಆಳ ನೋಡಿದ. ಹಾಸಿನ ಎಳೆಗಳ ಮೇಲೆ ಬಿದ್ದ ಬೆಳಕು ನೋಡಿದ. ಹೆಂಡತಿ ಬೇರೆ ತರಹ. ಒಂದು ತಂಬಿಗೆ ನೀರು ಕೇಳಿ ಅಡಿಗೆಮನೆಯ ನೆಲಕ್ಕೆ ಸುರಿದು, ಅದು ಎತ್ತ ಹರಿಯುತ್ತದೆ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ನೀರು ನೆಟ್ಟಗೆ ಬಚ್ಚಲಿಗೆ ಹೋಯಿತು. ನಾನು ಗೆದ್ದವಳಂತೆ ಅತ್ತೆಯ ಕಡೆ ನೋಡಿದೆ.

ಅತ್ತೆ ಆಗ ಹೇಳಿದ ಮಾತಿಗೆ ಪಡಸಾಲೆಯಲ್ಲಿ ಮಾವನ ಲಾಳಿ ಗಕ್ಕನೆ ನಿಂತಿತು.

"ತಂಗಿ, ಈ ಬಡಗಣ ಗ್ವಾಡಿ ಮಳಿಗಾಲದಾಗ ಹಸಿ ಹಿಡೀತೈತಿ. ಇಲ್ಲಿ ಕಾಳಿನ ಚೀಲ ಇಡಬ್ಯಾಡ್ರಿ. ಮಾಳಿಗಿ ಏರೋ ನಿಚ್ಚಣಿಕಿನೂ ಬದಲ ಮಾಡಬೇಕು."

ಅವರು ಹೋದ ಮೇಲೆ ಮಾವ ಸಿಡುಕಿದರು. "ಮನಿ ಮಾರಾಕತ್ತೀಯೋ, ಬಯ್ಯಾಕತ್ತೀಯೋ?"

"ಕೆಟ್ಟದ್ದು ನಾನ ಹೇಳಿದ್ರ, ಛಲೋದು ಹೇಳಿದ್ದನ್ನೂ ನಂಬತಾಳ," ಎಂದರು ಅತ್ತೆ.

ನನಗೂ ಒಳಗೊಳಗೆ ಸಂಶಯವೇ ಇತ್ತು. ಆದರೆ ಎರಡನೆಯ ದಿನ ಆ ಹೆಂಗಸು ಒಬ್ಬಳೇ ಬಂದಳು. ಅಡಿಗೆಮನೆಯಲ್ಲಿ ಅತ್ತೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ತೊಗರಿಕಾಯಿ ಬಿಡಿಸುತ್ತ ಬೆಲೆ ಮಾತಾಡಿದಳು. ಇವರು ಒಂದು ಹೇಳುವುದು, ಅವಳು ಇನ್ನೊಂದು ಹೇಳುವುದು, ನಡುವೆ ಮಕ್ಕಳ ಕೆಮ್ಮಿನ ಮಾತು, ಮತ್ತೆ ಬೆಲೆ. ಬುಟ್ಟಿಯಲ್ಲಿದ್ದ ಕಾಯಿ ಮುಗಿಯುವ ಹೊತ್ತಿಗೆ ಬೆಲೆ ಕುದುರಿತ್ತು. ನಾನು ಬಚ್ಚಲಿಗೆ ಹೋಗಿ ಒಬ್ಬಳೇ ಕುಣಿದಾಡಿದೆ.

ಮೂರು ದಿನವಾದರೂ ಮುಂಗಡ ಬರಲಿಲ್ಲ. ನಾಲ್ಕನೆಯ ದಿನ ಕಾರಣ ತಿಳಿಯಿತು. ದಲ್ಲಾಳಿ ರಬಕವಿಗೇ ಹೋಗಿ, "ಆ ಮನಿ ಕಾಗದ ಖರೆ ಇಲ್ಲ, ಜಾಗಾ ಸರಕಾರದ್ದು," ಎಂದು ಅವರ ಕಿವಿ ಊದಿದ್ದ. ನಮ್ಮ ಹತ್ತಿರ ಕಾಗದವಿತ್ತು. ಮಾವನ ಅಜ್ಜನ ಕಾಲದ್ದು, ಪೆಟ್ಟಿಗೆಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಆದರೆ ಅದು ಮೋಡಿ ಲಿಪಿಯಲ್ಲಿತ್ತು. ಸಂಸ್ಥಾನದ ಕಚೇರಿಗಳಲ್ಲಿ ಮರಾಠಿಯನ್ನು ಆಗ ಹಾಗೆ ಸರಪಳಿಯಂತೆ ಬರೆಯುತ್ತಿದ್ದರು. ನನಗೆ ಮರಾಠಿ ಬಂದರೂ ಆ ಅಕ್ಷರ ಒಂದೂ ಓದಲು ಬರಲಿಲ್ಲ. ಅದರಲ್ಲಿ ಏನಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಮ್ಮ ತವರುಮನಿ ಬಾಜೂಕ ರಾಯರೊಬ್ಬರದಾರ. ಸಂಸ್ಥಾನದ ಕಚೇರಿಯೊಳಗ ಕಾರಕೂನ ಇದ್ರು. ಅವರಿಗೆ ಬರತೈತಿರಿ," ಎಂದೆ ನಾನು.

ಅತ್ತೆ ತಕ್ಷಣ ಎದ್ದರು. ಜಮಖಂಡಿಗಲ್ಲ, ಮೊದಲು ರಬಕವಿಗೆ! ಆ ಹೆಂಗಸಿನ ಬಾಗಿಲಲ್ಲಿ ನಿಂತು, "ತಂಗಿ, ನಾಳೆ ಜಮಖಂಡಿಗೆ ಹೊಂಟೀವಿ. ನೀವೂ ಬರ್ರಿ. ಕಾಗದದಾಗ ಏನೈತಿ ನಿಮ್ಮ ಕಿವೀಲೆ ಕೇಳ್ರಿ," ಎಂದರು.

"ಕೆಟ್ಟದ್ದ ಇದ್ರ?" ಎಂದಳು ಅವಳು.

"ಇದ್ರ ಇಬ್ರೂ ಕೂಡೇ ಕೇಳೂಣು."

ಮರುದಿನ ನಾವು ಮೂವರು ಹೆಂಗಸರು ಮೋಟಾರು ಹತ್ತಿದೆವು. ನನಗೆ ಆ ಪ್ರಯಾಣ ಇವತ್ತಿಗೂ ಹಬ್ಬದಂತೆ ನೆನಪಿದೆ. ಗಂಡಸರಿಲ್ಲದೆ, ಮದುವೆಗಲ್ಲ ಮುಂಜಿಗಲ್ಲ, ಒಂದು ಕೆಲಸದ ಮೇಲೆ ಹೊರಟಿದ್ದೆವು! ಅತ್ತೆ ಕಾಗದದ ಗಂಟನ್ನು ಹಸುಗೂಸಿನಂತೆ ಎದೆಗೆ ಹಿಡಿದಿದ್ದರು. ದಾರಿಯಲ್ಲಿ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ತಿಂದೆವು. ಕೊಡುವವರು ಯಾರು, ಕೊಳ್ಳುವವರು ಯಾರು ಎಂದು ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ.

ರಾಯರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಬಾ ಮಗಾ, ಗಂಡನ ಮನ್ಯಾಗ ಆರಾಮ ಇದ್ದೀಯಾ?" ಎಂದರು. ಕಾಗದ ಬಿಚ್ಚಿ, ಚಾಳೀಸು ಒರೆಸಿ ಮೂಗಿಗೇರಿಸಿ, ಗಟ್ಟಿಯಾಗಿ ಮರಾಠಿಯಲ್ಲಿ ಓದತೊಡಗಿದರು. ಅತ್ತೆಗೂ ಆ ಹೆಂಗಸಿಗೂ ಅದು ಅಷ್ಟಾಗಿ ತಿಳಿಯದು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕೊಂಡವರ ಹೆಸರು ಬಂತು: ಮಾವನ ಅಜ್ಜನದೇ. ಸಂಸ್ಥಾನದ ಮುದ್ರೆ ಇದೆ ಎಂದರು. ಪೂರ್ವಕ್ಕೆ ಹಾದಿ, ದಕ್ಷಿಣಕ್ಕೆ ಇಂಥವರ ಗೋಡೆ, ಉತ್ತರಕ್ಕೆ ಇಂಥವರ ಗೋಡೆ. ಪಶ್ಚಿಮಕ್ಕೆ ಬಂದಾಗ ನನಗೆ ಕೇಳಿದ್ದು ನಂಬಿಕೆಯಾಗಲಿಲ್ಲ.

"ಕಾಕಾ, ಅದನ್ನ ಮತ್ತೊಮ್ಮೆ ಓದ್ರಿ."

ರಾಯರು ಓದಿ, ಕನ್ನಡದಲ್ಲೂ ಹೇಳಿದರು. "ಹಿತ್ತಲದಾಗಿನ ಬಾವಿ ದಾಟಿ, ಅದರಾಚೆ ಹಳ್ಳದ ದಂಡಿ ತನಕ. ನಿಮ್ಮದ ಅದು."

ಬಾವಿಯ ಆಚೆಗಿನ ಆ ಜಾಗ ಜಾಲಿ ಬೆಳೆದು ಯಾರಿಗೂ ಬೇಡವಾಗಿ ಬಿದ್ದಿತ್ತು. ಸರಕಾರದ್ದು ಎಂದು ನಾವೇ ತಿಳಿದುಕೊಂಡಿದ್ದೆವು. ಬೆಲೆ ಮಾತಾಡುವಾಗ ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಆ ಹೆಂಗಸೇ ಮೊದಲು ಕೇಳಿದಳು, ಧ್ವನಿ ಸಣ್ಣದು ಮಾಡಿ: "ಅಕ್ಕಾರ, ಅದಕ್ಕ ಬ್ಯಾರೆ ರೊಕ್ಕ ಕೇಳ್ತೀರೇನ್ರಿ?"

ರಾಯರ ಮನೆಯವರು ಕೊಟ್ಟ ಚಹಾ ಅತ್ತೆ ಕುಡಿದು ಮುಗಿಸಿದರು. ಬಟ್ಟಲು ಕೆಳಗಿಟ್ಟರು.

"ಅದಕ್ಕ ರೊಕ್ಕ ಬ್ಯಾಡ ತಂಗಿ," ಎಂದರು ನಿಧಾನವಾಗಿ. "ನಮ್ಮ ಹೊಸಾ ಮನಿ ಏಳೂತನಕ ಎರಡು ತಿಂಗಳು ನಮ್ಮನ್ನ ಅಲ್ಲೇ ಇರಗೊಡ್ರಿ. ಒಂದು ಕುಣಿ ನಿಮಗ, ಒಂದು ಕುಣಿ ನಮಗ. ಮಗ್ಗ ನಿಂತ್ರ ನಾವು ತಿನ್ನೋದು ಏನು?"

ಆ ಹೆಂಗಸು ಅತ್ತೆಯ ಕೈ ಹಿಡಿದುಕೊಂಡಳು. "ಇಷ್ಟ ಏನ್ರಿ! ಆತು ತಗೋರಿ."

ಮನೆ ಮಾರಿದ ಮೇಲೆ ಮಗ್ಗ ಎಲ್ಲಿ ಇಡುವುದು ಎಂದು ಮಾವ, ನನ್ನ ಗಂಡ ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದರು. ಅತ್ತೆ ಅದನ್ನು ಒಂದು ಬಟ್ಟಲು ಚಹಾದಲ್ಲಿ ಬಗೆಹರಿಸಿಬಿಟ್ಟಿದ್ದರು. ತಿರುಗಿ ಬರುವ ಮೋಟಾರಿನಲ್ಲಿ ನನಗೆ ನಗು ತಡೆಯಲಾಗಲಿಲ್ಲ. "ಯಾಕ ನಗಾಕತ್ತೀಯವ್ವ?" ಎಂದು ಕೇಳಿ ಕೇಳಿ ಅವರೂ ನಗತೊಡಗಿದರು.

ಯುಗಾದಿಗೆ ಎಂಟು ದಿನ ಮೊದಲು ಖರೀದಿ ಪತ್ರವಾಯಿತು. ಮಾವ ತಲೆಗೆ ಮದುವೆಯ ಪಟಗ ಸುತ್ತಿಕೊಂಡು ಜಮಖಂಡಿಗೆ ಬಂದರು. ಪತ್ರ ಬರೆಯುವವನು ರೂಢಿಯಂತೆ, "ನಡುವ ದಲ್ಲಾಳಿ ಯಾರದಾರ್ರಿ?" ಎಂದು ಕೇಳಿದ. ಮಾವ ಲೇಖನಿ ಹಿಡಿದವರು ಹೊರಗೆ ಬೇವಿನ ನೆರಳಲ್ಲಿ ಕೂತಿದ್ದ ನಮ್ಮ ಕಡೆ ಕೈ ತೋರಿಸಿ, "ನಮ್ಮನಿ ಹೆಣ್ಣಮಕ್ಕಳು," ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಹೊಗಳಿಕೆ ಅದು. ಅದೇ ಸಂಜೆ ಊರ ಹೊರಗಿನ ಜಾಗದವನಿಗೆ ಹಣ ಮುಟ್ಟಿತು.

ಎರಡು ತಿಂಗಳು ಆ ಮನೆಯಲ್ಲಿ ಎರಡು ಸಂಸಾರ. ನಮ್ಮ ಮಗ್ಗದಲ್ಲಿ ಬೆಳಿಗ್ಗೆ ಮಾವ, ಮಧ್ಯಾಹ್ನ ನನ್ನ ಗಂಡ. ಪಕ್ಕದ ಕುಣಿಯಲ್ಲಿ ಆ ಮಾತಿಲ್ಲದ ಮನುಷ್ಯ. ಅಡಿಗೆಮನೆಯಲ್ಲಿ ನಾವು ಮೂವರು ಹೆಂಗಸರು, ಅವಳ ಮೂರು ಮಕ್ಕಳು. ಜಗಳ ಆಗಲಿಲ್ಲವೆಂದಲ್ಲ. ನೀರಿನ ಹಂಡೆಗೆ ಆಯಿತು, ಒಲೆಗೆ ಆಯಿತು. ಬಿಸಿಲೇರುವ ಹೊತ್ತಿಗೆ ಅದೂ ಮುಗಿದಿರುತ್ತಿತ್ತು.

ಒಂದು ಬೆಳಿಗ್ಗೆ ನನ್ನ ಗಂಡ, "ಬಾ, ಜಾಗಾ ತೋರಿಸ್ತೀನಿ," ಎಂದು ನನ್ನನ್ನು ಊರ ಹೊರಗೆ ಕರೆದುಕೊಂಡು ಹೋದರು. ಗೋಡೆಗಳು ಆಳೆತ್ತರ ಮೀರಿ ಬಂದಿದ್ದವು. ಒಳಗೆ ನೆಲದ ಮೇಲೆ ಸುಣ್ಣದ ಪುಡಿಯಿಂದ ನಾಲ್ಕು ಚೌಕ ಹಾಕಿದ್ದರು, ಮಗ್ಗ ಇಡುವ ಜಾಗಗಳು. ಈಗ ಎರಡೇ ಕರೆಂಟಿನ ಮಗ್ಗ ಬರುವುದು, ಉಳಿದವು ಮುಂದೆ ಎಂದರು.

"ಇದು ಅಪ್ಪಂದು, ಇದು ನಂದು. ಅದು ತಮ್ಮ ದೊಡ್ಡಾವ ಆದ ಮ್ಯಾಲ."

"ಇದು?" ಎಂದೆ ಕಿಟಕಿಯ ಪಕ್ಕದ್ದನ್ನು ತೋರಿಸಿ.

"ಅದು ನಿಂದಂತ. ಅವ್ವ ಹೇಳ್ಯಾಳ."

ನಾನು ಚಪ್ಪಲಿ ಬಿಟ್ಟು, ಸುಣ್ಣದ ಗೆರೆ ತುಳಿಯದ ಹಾಗೆ ಸೀರೆ ಎತ್ತಿ ಹಿಡಿದು, ಆ ಚೌಕದೊಳಗೆ ಹೋಗಿ ನಿಂತೆ. ಕಿಟಕಿಗೆ ಇನ್ನೂ ಚೌಕಟ್ಟು ಕೂಡಿಸಿರಲಿಲ್ಲ. ಬಿಸಿಲು ನೆಟ್ಟಗೆ ಒಳಗೆ ಬಂದು ನನ್ನ ಮೈಮೇಲೆ ಬಿದ್ದಿತ್ತು.